‘ದ್ರವ್ಯರಾಶಿ ಸಮತೋಲನ’ ಎಂಬ ಪರಿಭಾಷೆಯ ಅರ್ಥವಿಚಾರ

ಶಾಸ್ತ್ರವಿಷಯಗಳ ನಿರೂಪಣೆಯಲ್ಲಿ ಒಂದು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದವನ್ನು ಗೊತ್ತುಮಾಡಿ, ಎಲ್ಲೆಡೆಯೂ ಅದನ್ನೇ ಬಳಸುವ ಕ್ರಮ ಮೇಲ್ನೋಟಕ್ಕೆ ನಿರ್ದುಷ್ಟವಾಗಿ ಕಾಣುತ್ತದೆ. ಆದರೆ ಮೂಲಪದವೇ ಭಿನ್ನಾರ್ಥಗಳಲ್ಲಿ ರೂಢವಾಗಿದ್ದರೆ ಇದರಿಂದ ಅನರ್ಥವೇ ಫಲ. ‘ಮಾಸ್ ಬ್ಯಾಲೆನ್ಸ್’ ಎಂಬುದನ್ನು ಎಲ್ಲ ಶಾಸ್ತ್ರಗಳಲ್ಲಿಯೂ ‘ದ್ರವ್ಯರಾಶಿ ಸಮತೋಲನ’ ಎಂದು ಕನ್ನಡಿಸುವುದು ಇದಕ್ಕೆ ತಕ್ಕ ನಿದರ್ಶನ.

‘ಬ್ಯಾಲೆನ್ಸ್’ ಪದದ ಲ್ಯಾಟಿನ್ ಮೂಲಕ್ಕೆ ಎರಡು ತಟ್ಟೆಗಳುಳ್ಳದ್ದು, ಎಂದರೆ ತಕ್ಕಡಿ, ಎಂದರ್ಥ. ತಕ್ಕಡಿಯಿಂದ ಆಗುವ ಕೆಲಸ ಎರಡು: ತಟ್ಟೆಗಳನ್ನು ಸರಿದೂಗಿಸುವುದೊಂದು, ಅವುಗಳ ಅಂತರವನ್ನು ಅರಿಯುವುದಿನ್ನೊಂದು. ಇಂಗ್ಲಿಷಿನಲ್ಲಿ ಎರಡಕ್ಕೂ ಅದೇ ಪದ ಸಲ್ಲುತ್ತದೆ. ‘ಸಮತೋಲನ’ದಲ್ಲಿ ‘ಸಮ’ವು ಮೊದಲೇ ಸೇರಿಕೊಂಡಿರುವುದರಿಂದ ಎರಡನೆಯ ಅರ್ಥಕ್ಕೆ ಅಲ್ಲಿ ಎಡೆಯಿಲ್ಲ.

ರಸಾಯನಶಾಸ್ತ್ರದಲ್ಲಿ ಈ ಮಾತು ದ್ರವ್ಯನಿತ್ಯತೆಯ ತತ್ತ್ವವನ್ನು ಅವಲಂಬಿಸಿದೆ. ಲವಾಸಿಯೆ 1789ರ ತನ್ನ ಗ್ರಂಥದಲ್ಲಿ, ಹುದುಗುವಿಕೆಯ ಮೊದಲೂ ಅನಂತರವೂ ದ್ರವ್ಯದ ಪರಿಮಾಣ ಒಂದೇ ಎಂದು ಪ್ರತಿಪಾದಿಸಿದನು. ನೂರಕ್ಕೆ 15ರಷ್ಟು ಘನಾಂಶವುಳ್ಳ 100 ಕಿಲೋಗ್ರಾಂ ಕಬ್ಬಿನ ಹಾಲನ್ನು, ಘನಾಂಶ ನೂರಕ್ಕೆ 60 ಆಗುವವರೆಗೆ ಕಾಯಿಸಿದರೆ, ಮಡ್ಡಿಯನ್ನು ಗಣಿಸದಿದ್ದಲ್ಲಿ, ಉಳಿಯುವ ಪಾಕ 25 ಕಿಲೋಗ್ರಾಂ. ಆವಿಯಾದ ನೀರು 75. ಇಲ್ಲಿ ನಡೆದದ್ದು ಬಂದುದರ ಮತ್ತು ಹೋದುದರ ಲೆಕ್ಕ.

ಹಿಮನದಿಗಳ ಶಾಸ್ತ್ರದಲ್ಲಿ ಅದೇ ಪದವು ಲೆಕ್ಕದಿಂದ ದೊರೆತ ಅಂತರವನ್ನು ಸೂಚಿಸುತ್ತದೆ. ವರ್ಷದಲ್ಲಿ ಕೂಡಿದ ಹಿಮದಿಂದ ಕರಗಿ ನಷ್ಟವಾದುದನ್ನು ಕಳೆದು, ಶೇಷವನ್ನು ನೀರಿನ ಆಳವಾಗಿ ಹೇಳುತ್ತಾರೆ. ಸ್ವೀಡನ್ನಿನ ಸ್ಟೂರ್‌ಗ್ಲೇಸಿಯರೆನ್‌ನಲ್ಲಿ 1945–46ರಿಂದಲೂ ಹಿಮಾಚಲ ಪ್ರದೇಶದ ಛೋಟಾ ಶಿಗ್ರಿಯಲ್ಲಿ 2002ರಿಂದಲೂ ಇಂಥ ಅಳತೆ ನಡೆದಿದೆ. ಈ ಎರಡನೆಯದು ಒಟ್ಟಿನಲ್ಲಿ ಕ್ಷಯಿಸಿದೆ. ಇದನ್ನು ‘ಋಣಾತ್ಮಕ ಸಮತೋಲನ’ವೆಂದರೆ ಪದವು ತನ್ನನ್ನು ತಾನೇ ಖಂಡಿಸಿಕೊಳ್ಳುತ್ತದೆ, ಸಮತೋಲನವೆಂಬುದನ್ನು ಕೇಳಿದ ವಿದ್ಯಾರ್ಥಿಯಾದರೋ ಹಿಮನದಿಗೆ ಕ್ಷೇಮವೆಂದೇ ತಿಳಿಯುವನು.

ವಿಮಾನಶಾಸ್ತ್ರದಲ್ಲಿ ಸಂಗತಿ ಬೇರೆ. ರೆಕ್ಕೆಯ ಹಿಂಬದಿಯಲ್ಲಿ ಕೀಲಿನ ಮೇಲೆ ಆಡುವ ಹಲಗೆಯ ಗುರುತ್ವಕೇಂದ್ರವು ಕೀಲಿಗಿಂತ ಹಿಂದಿದ್ದರೆ, ರೆಕ್ಕೆಯ ಕಂಪನ ಬೆಳೆದು ವಿಮಾನಕ್ಕೆ ಅಪಾಯವಾಗಬಹುದು. ಕೀಲಿನ ಮುಂದೆ ತೂಕವನ್ನಿಟ್ಟು ಸರಿದೂಗಿಸುವುದು ಇದಕ್ಕೆ ಪರಿಹಾರವೆಂದು ಹಾಲೆಂಡಿನ ಫಾನ್ ಬೌಮ್‌ಹೌವರ್ ಮತ್ತು ಕೋನಿಂಗ್ 1923ರಲ್ಲಿ ತೋರಿಸಿದರು. ಇಲ್ಲಿ ದ್ರವ್ಯವು ಬರುವುದೂ ಇಲ್ಲ, ಹೋಗುವುದೂ ಇಲ್ಲ. ‘ಸಮತೋಲನ’ ಯಥಾರ್ಥವಾಗಿ ಸಲ್ಲುವುದು ಇಲ್ಲಿಯೇ.

ಪದವೊಂದೇ ಆಗಿದ್ದರೆ ಶಾಸ್ತ್ರಗಳ ಏಕಸೂತ್ರತೆ ವ್ಯಕ್ತವಾಗುವುದೆಂದು ಕೆಲವರು ವಾದಿಸಬಹುದು. ಆದರೆ ಆ ಸೂತ್ರ ಮೊದಲಿನ ಎರಡನ್ನು ಮಾತ್ರ ಕಟ್ಟುತ್ತದೆ. ಮೂರನೆಯದು ಗುರುತ್ವಕೇಂದ್ರದ ವಿಚಾರ. ಮೊದಲಿನ ಎರಡಕ್ಕೆ ವ್ಯವಹಾರದ ‘ಶಿಲ್ಕು’ ಹೊಂದೀತೇ? ಶಿಲ್ಕು ಪೆಟ್ಟಿಗೆಯಲ್ಲಿ ಉಳಿದಿರುವ ಹಣ. ಹಿಮನದಿಗೆ ಅನ್ವಯಿಸಿದರೆ ಅದು ಉಳಿದಿರುವ ಹಿಮವೆಲ್ಲವನ್ನೂ ಸೂಚಿಸೀತೇ ಹೊರತು ಆ ವರ್ಷದ ಅಂತರವನ್ನಲ್ಲ. ‘ಆಯವ್ಯಯ’ಕ್ಕೆ ಈ ದೋಷವಿಲ್ಲ. ಅದು ಸಮವೂ ಆಗಬಹುದು, ಮಿಗಲೂಬಹುದು, ಕೊರೆಯಾಗಲೂಬಹುದು. ‘ಪಾಕದ ದ್ರವ್ಯಾಯವ್ಯಯ’, ‘ಹಿಮನದಿಯ ಆಯವ್ಯಯದಲ್ಲಿ ಕೊರತೆ’ ಎಂದರೆ ವ್ಯಾಖ್ಯಾನದ ಅಪೇಕ್ಷೆಯೇ ಇಲ್ಲದೆ ಅರ್ಥ ಸ್ಫುಟವಾಗುತ್ತದೆ. ಪರಿಭಾಷೆಯು ಅನುಸರಿಸಬೇಕಾದುದು ಮೂಲದ ಶಬ್ದವನ್ನಲ್ಲ, ಆ ಶಬ್ದದಿಂದ ಉದ್ದಿಷ್ಟವಾದ ವಸ್ತುವನ್ನು.