ವೇಷವೂ ಭಾವವೂ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಹಳ್ಳಿಗಳ ಪೌರಾಣಿಕ ನಾಟಕಗಳಲ್ಲಿ ಹಿಂದೆ ಹೆಣ್ಣಿನ ಪಾತ್ರವನ್ನೂ ಬಹುಪಾಲು ಗಂಡಸರೇ ವಹಿಸುತ್ತಿದ್ದರು. ದ್ರೌಪದಿ ಗೋಳಿಡುವಾಗ ಸೀರೆಯುಟ್ಟ ನಟನ ಒಡಕು ದನಿ ಕೇಳಿ ನಕ್ಕವರಲ್ಲಿ ನಾನೂ ಒಬ್ಬ. ಇಂದು ಆ ನಗೆ ನನಗೆ ನಾಚಿಕೆ ತರುತ್ತದೆ.

ಆರ್. ನಾಗರತ್ನಮ್ಮನವರು 1958ರಲ್ಲಿ ಸ್ಥಾಪಿಸಿದ ಸ್ತ್ರೀ ನಾಟಕ ಮಂಡಳಿಯಲ್ಲಿ ಪುರುಷಪಾತ್ರಗಳೂ ಮಹಿಳೆಯರವೇ. ಭೀಮನಾಗಿ, ಕಂಸನಾಗಿ ಹೆಸರಾದ ಅವರಿಗೆ 2012ರಲ್ಲಿ ಪದ್ಮಶ್ರೀ ಸಂದಿತು. ಹೆಣ್ಣು ಗದೆ ಹಿಡಿದರೆ ಬೆರಗಾಗುತ್ತೇವೆ, ಗಂಡು ಸೀರೆಯುಟ್ಟರೆ ನಗುತ್ತೇವೆ. ಎರಡೆಡೆಯೂ ನಮ್ಮ ದೃಷ್ಟಿ ದೇಹದಲ್ಲಿಯೇ ನಿಂತಿದೆ; ಪಾತ್ರದೊಳಕ್ಕೆ ಇಳಿದಿಲ್ಲ.

ಜೈನಕವಿ ರನ್ನನ 'ಗದಾಯುದ್ಧ'ವನ್ನು ಬಿ.ಎಂ.ಶ್ರೀ. ಅವರು ನಾಟಕವಾಗಿಸಿದ್ದಾರೆ. ರನ್ನನ ದುರ್ಯೋಧನನು ರಣಭೂಮಿಯಲ್ಲಿ ಹಗೆಯ ಮಗನಾದ ಅಭಿಮನ್ಯುವಿನ ಕಳೇಬರವನ್ನು ಕಂಡು ಅವನ ಶೌರ್ಯವನ್ನು ಕೊಂಡಾಡುತ್ತಾನೆ. ಹಗೆತನವನ್ನು ದಾಟಿ ವೀರನನ್ನು ಗುರುತಿಸಿದ ಕಣ್ಣು ಅದು. ನಾವಾದರೋ ಸೀರೆಯೊಂದನ್ನು ದಾಟಿ ದುಃಖವನ್ನು ಕಾಣಲಾರೆವೆ? ಮಾನಕಷಾಯಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ; ಶೋಕಕ್ಕೂ ಇಲ್ಲ.

ಅಭಿನಯ ಸೊರಗಿದ್ದರೆ ನಿರ್ದಾಕ್ಷಿಣ್ಯವಾಗಿ ವಿಮರ್ಶಿಸೋಣ. ವೇಷವನ್ನು ಹಾಸ್ಯಮಾಡುವುದು ವಿಮರ್ಶೆಯಲ್ಲ. ಉತ್ಸವಗಳಲ್ಲಿ ನಾಟಕವಾಡಿಸುವ ಸಮಿತಿಗಳೂ, ಮಕ್ಕಳನ್ನು ಕರೆದೊಯ್ಯುವ ಹಿರಿಯರೂ ಇದನ್ನು ಮನಗಾಣಬೇಕು. ಪಾತ್ರಧಾರಿ ಗಂಡೋ ಹೆಣ್ಣೋ ಎಂದು ನೋಡುವ ಬದಲು, ಆ ಅಳಲು ನಮ್ಮೆದೆಯನ್ನು ಮುಟ್ಟಿತೇ ಎಂದು ಕೇಳಿಕೊಳ್ಳುವುದೇ ಸಹೃದಯರ ಧರ್ಮ.