ಬಾಚಣಿಗೆಯ ಗೆರೆ

ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಡಿಸೆಂಬರ್ ಬಂತೆಂದರೆ ಕುಸ್ವಾರಿನ, ಅಂದರೆ ಕ್ರಿಸ್‌ಮಸ್ ತಿಂಡಿಗಳ, ಘಮ. ನೆವ್ರಿ, ಕೊಕ್ಕಿಸಾಂ ಎಲ್ಲವೂ ಸೊಗಸೇ, ಆದರೆ ನನ್ನ ಮನಸ್ಸು ಗೆದ್ದದ್ದು ಕಿಡಿಯೊ.

ಮೈದಾಕ್ಕೆ ತೆಂಗಿನ ಹಾಲು ಬೆರೆಸಿ ನಾದಿದ ಕೂಡಲೇ ನೆರೆಮನೆಯ ಅಜ್ಜಿ ಹಿಟ್ಟಿನ ಮೇಲೆ ಬೆರಳಿನಿಂದ ಶಿಲುಬೆ ಎಳೆಯುತ್ತಾರೆ. ಆ ವರ್ಷ ಮನೆಗೆ ಬಂದ ಅನ್ನಕ್ಕೆ ಅದೇ ಅವರ ಸ್ತೋತ್ರ. ಆಮೇಲೆ ಗೋಲಿಯಷ್ಟು ಹಿಟ್ಟು ಚಿವುಟಿ, ಇದಕ್ಕೆಂದೇ ಎತ್ತಿಟ್ಟ ಬಾಚಣಿಗೆಯ ಮೇಲೆ ಹೆಬ್ಬೆರಳಲ್ಲಿ ಒತ್ತಿ ಸುರುಳಿ ಸುತ್ತುತ್ತಾರೆ. ಆ ಬೆರಳನ್ನು ನೋಡಬೇಕು! ಒತ್ತು ಹೆಚ್ಚಾದರೆ ಹಿಟ್ಟು ಹಲ್ಲಿಗೆ ಅಂಟುತ್ತದೆ, ಕಡಿಮೆಯಾದರೆ ಗೆರೆ ಮೂಡದು. ಗೆರೆ ಬರೀ ಚಂದಕ್ಕಲ್ಲ, ಕರಿದ ಮೇಲೆ ಸಕ್ಕರೆ ಪಾಕ ಹಿಡಿದು ನಿಲ್ಲುವುದು ಅಲ್ಲೇ. ಪಾಕದಲ್ಲಿ ಬಿಡದೆ ಮಗುಚುತ್ತಿದ್ದರೆ ಅದು ಹರಳುಗಟ್ಟಿ ಮಂಜಿನಂತೆ ಬೆಳ್ಳಗಾಗುತ್ತದೆ. ಡಬ್ಬಿಗೆ ಸುರಿದರೆ ಗಲಗಲ ಸದ್ದು.

ಇಷ್ಟು ದಿನದ ದುಡಿಮೆಯ ಮೊದಲ ತಟ್ಟೆ, ಕ್ರೋಶದ ಬಟ್ಟೆ ಹೊದ್ದು, ನಮ್ಮ ಮನೆಗೆ ಬರುತ್ತದೆ. ಅಮ್ಮ ಆ ತಟ್ಟೆಯನ್ನು ಬರಿದಾಗಿ ಮರಳಿಸಿದ್ದೇ ಇಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕಿಯೇ ಕೊಡುತ್ತಾಳೆ.