ಕಾಣದ ಹುಳು, ಕಾಣೆಯಾದ ಮಗು

ಶೋಕವೇ ಶ್ಲೋಕವಾಯಿತೆಂದು ಆದಿಕವಿಯ ವಿಷಯದಲ್ಲಿ ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಎಲ್ಲರ ಶೋಕಕ್ಕೂ ಆ ಭಾಗ್ಯವಿರುವುದಿಲ್ಲ. ಹೊರಬರಲು ದಾರಿ ಕಾಣದ ದುಃಖ ಒಳಗೇ ಹುದುಗಿ, ಸಂಶಯವಾಗಿ ಬೆಳೆದು, ಕೊನೆಗೆ ಲೋಕವನ್ನೆಲ್ಲ ವಿವರಿಸುವ ಒಂದು ಸಿದ್ಧಾಂತವಾಗಿ ತಲೆಯೆತ್ತುವುದೂ ಉಂಟು. ಅಂಥ ಒಂದು ದುಃಖದ ಕಥೆ 2006ರಲ್ಲಿ ಮೊದಲು ಪ್ರದರ್ಶಿತವಾದ 'ಬಗ್' ಎಂಬ ಅಮೆರಿಕನ್ ಚಲಚ್ಚಿತ್ರ. ಇದನ್ನು ಭಯಾನಕ ಚಿತ್ರಗಳ ಸಾಲಿಗೆ ಸೇರಿಸಿ ಮರೆತವರೇ ಹೆಚ್ಚು. ಕರುಣರಸದ ಕೃತಿಯೆಂದು ನೋಡಿದರೆ ಮಾತ್ರ ಇದರ ನಿಜವಾದ ಬೆಲೆ ತಿಳಿಯುತ್ತದೆಂದು ನನ್ನ ಅಭಿಪ್ರಾಯ.

ದಿಗ್ದರ್ಶಕ ವಿಲಿಯಂ ಫ್ರೀಡ್ಕಿನ್ (1935–2023) ಅಪರಿಚಿತರಲ್ಲ. 'ದಿ ಫ್ರೆಂಚ್ ಕನೆಕ್ಷನ್' (1971) ಚಿತ್ರಕ್ಕೆ ಆಸ್ಕರ್ ಪಡೆದವರು. 'ದಿ ಎಕ್ಸಾರ್ಸಿಸ್ಟ್' (1973) ಚಿತ್ರದಿಂದ ಜಗತ್ತನ್ನೇ ನಡುಗಿಸಿದವರು. ಹಾಗಿದ್ದವರು ಎಪ್ಪತ್ತನೆಯ ವಯಸ್ಸಿನ ಆಸುಪಾಸಿನಲ್ಲಿ, ಸುಮಾರು 40 ಲಕ್ಷ ಡಾಲರುಗಳ ವೆಚ್ಚದಲ್ಲಿ, ಬೆರಳೆಣಿಕೆಯ ನಟರನ್ನು ಕಟ್ಟಿಕೊಂಡು ಈ ಚಿತ್ರವನ್ನು ತೆಗೆದರು. ಹಾಲಿವುಡ್ಡಿನ ಲೆಕ್ಕದಲ್ಲಿ ಇದು ಪುಡಿಗಾಸು. ಕಥೆ ಟ್ರೇಸಿ ಲೆಟ್ಸ್ ಅವರ ನಾಟಕದ್ದು. 1996ರಲ್ಲಿ ಲಂಡನ್ನಿನಲ್ಲಿ ಮೊದಲು ಆಡಿದ್ದು. ಚಿತ್ರಕಥೆಯನ್ನೂ ಅವರೇ ಬರೆದಿದ್ದಾರೆ. 'ಬಗ್' ಎಂಬ ಶಬ್ದಕ್ಕೆ ಹುಳುವೆಂದೂ ಅರ್ಥ, ಕದ್ದು ಕೇಳುವ ಯಂತ್ರವೆಂದೂ ಅರ್ಥ. ಈ ಎರಡರ ನಡುವೆಯೇ ಕಥೆ ಹುಟ್ಟಿ ಬೆಳೆಯುತ್ತದೆ.

ಓಕ್ಲಹೋಮದ ಬಯಲಿನಲ್ಲೊಂದು ಹಳೆಯ ಮೋಟೆಲು. ಅದರ ಒಂದು ಕೋಣೆಯಲ್ಲಿ ಆಗ್ನೆಸ್ ಎಂಬ ಹೆಂಗಸು ಒಂಟಿಯಾಗಿದ್ದಾಳೆ. ಬಾರಿನಲ್ಲಿ ಗಿರಾಕಿಗಳಿಗೆ ಬಡಿಸುವುದು ಅವಳ ಕೆಲಸ. ಆಗಾಗ ಫೋನು ಬಡಿದುಕೊಳ್ಳುತ್ತದೆ, ಎತ್ತಿದರೆ ಮಾತಿಲ್ಲ. ಹೊಡೆದು ಬಡಿದು ಮಾಡುತ್ತಿದ್ದ ಹಳೆಯ ಗಂಡ ಜೆರಿ ಜೈಲಿನಿಂದ ಬಿಡುಗಡೆಯಾಗಿದ್ದಾನೆ. ಇದು ಅವನದೇ ಕಾಟವೆಂದು ಅವಳ ಭಯ. ಇವೆಲ್ಲಕ್ಕಿಂತ ಆಳದಲ್ಲಿ ಇನ್ನೊಂದು ನೋವು. ವರ್ಷಗಳ ಹಿಂದೆ ದಿನಸಿ ಅಂಗಡಿಯಲ್ಲಿ, ಒಂದು ಗಳಿಗೆ ಕಣ್ಣು ತಪ್ಪಿದಾಗ, ಅವಳ ಎಳೆಯ ಮಗ ಲಾಯ್ಡ್ ಕಾಣೆಯಾದ. ಮತ್ತೆ ಸಿಗಲಿಲ್ಲ.

ಈ ದುಃಖದ ಸ್ವರೂಪವನ್ನು ಓದುಗರು ಸ್ವಲ್ಪ ಯೋಚಿಸಿ ನೋಡಬೇಕು. ಹರಿಶ್ಚಂದ್ರನ ಕಥೆಯ ಚಂದ್ರಮತಿಯ ದುಃಖಕ್ಕಿಂತ ದೊಡ್ಡದು ನಮಗೆ ಗೊತ್ತಿಲ್ಲ. ಆದರೂ ಅವಳಿಗೆ ಮಗನ ದೇಹವನ್ನು ಅಪ್ಪಿಕೊಂಡು ಅಳಲಾದರೂ ಆಯಿತು. ಹಾವು ಕಚ್ಚಿತೆಂಬ ಕಾರಣವಾದರೂ ತಿಳಿಯಿತು. ಆಗ್ನೆಸಳಿಗೆ ದೇಹವೂ ಇಲ್ಲ, ಕಾರಣವೂ ಇಲ್ಲ. ಎಳ್ಳುನೀರು ಬಿಡೋಣವೆಂದರೆ ಮಗು ಸತ್ತಿದೆಯೆಂದು ಹೇಳುವವರಿಲ್ಲ, ಹುಡುಕೋಣವೆಂದರೆ ದಿಕ್ಕಿಲ್ಲ. ಉಳಿದದ್ದು ಒಂದೇ: ಆ ಗಳಿಗೆಯಲ್ಲಿ ನಾನೇಕೆ ಅತ್ತ ತಿರುಗಿದೆ ಎಂಬ ಪ್ರಶ್ನೆ.

ಇಂಥವಳ ಕೋಣೆಗೆ ಗೆಳತಿಯೊಬ್ಬಳ ಮೂಲಕ ಪೀಟರ್ ಬರುತ್ತಾನೆ. ಕೊಲ್ಲಿ ಯುದ್ಧದ ಸೈನಿಕ, ಮೆಲುಮಾತಿನವನು, ಸಂಕೋಚದವನು. ಅವನು ಅವಳಿಂದ ಏನನ್ನೂ ಕಿತ್ತುಕೊಳ್ಳಲು ಬಂದವನಲ್ಲ. ಮಗನ ಕಥೆಯನ್ನು ಕುಳಿತು ಕೇಳುತ್ತಾನೆ. ಒಂದು ರಾತ್ರಿ ಹಾಸಿಗೆಯಲ್ಲಿ ಏನೋ ಕಚ್ಚಿತೆಂದು ಏಳುತ್ತಾನೆ. ದೀಪ ಹಾಕಿ, ಗಿಡಹೇನು ಸಿಕ್ಕಿತೆಂದು ಅವಳಿಗೆ ತೋರಿಸುತ್ತಾನೆ. ಅವಳಿಗೆ ಕಾಣುವುದಿಲ್ಲ. ಮತ್ತೆ ನೋಡುತ್ತಾಳೆ. ಆಮೇಲೆ, ಕಾಣುತ್ತದೆಂದು ಹೇಳುತ್ತಾಳೆ.

ಚಿತ್ರದ ತಿರುವು ಇರುವುದು ಇಲ್ಲಿ. ಮುಂದೆ ರಕ್ತವಿದೆ, ಕೊಲೆಯಿದೆ, ಬೆಂಕಿಯಿದೆ. ಈ ಪುಟ್ಟ ದೃಶ್ಯದಷ್ಟು ನನ್ನನ್ನು ಕಲಕಿದ್ದು ಬೇರೊಂದಿಲ್ಲ. ಆಷ್ಲಿ ಜಡ್ ಅವರ ಮುಖದಲ್ಲಿ ಆಗ ಕಾಣುವುದು ಮೌಢ್ಯವಲ್ಲ. ಇವನೂ ಹೊರಟುಹೋದರೆ ಈ ಕೋಣೆಯಲ್ಲಿ ನಾನು, ಆ ಮೂಕ ಫೋನು, ಇಬ್ಬರೇ ಎಂಬ ಲೆಕ್ಕಾಚಾರ ಆ ಕಣ್ಣುಗಳಲ್ಲಿ ಸುಳಿದು ಹೋಗುತ್ತದೆ. ಜೊತೆಗಿರುವವನಿಗಾಗಿ ಅವಳು ಹುಳುವನ್ನು ಒಪ್ಪಿಕೊಳ್ಳುತ್ತಾಳೆ. ನಂಬಿಕೆ ಆಮೇಲೆ ಬರುತ್ತದೆ.

ಪೀಟರನ ಮಾತುಗಳೂ ಪೂರ್ತಿ ಪೊಳ್ಳಲ್ಲ. ನಾಟಕಕಾರರ ಜಾಣ್ಮೆ ಅಲ್ಲಿದೆ. ಹೊಗೆ ಸೂಚಿಸುವ ಯಂತ್ರದಲ್ಲಿ ವಿಕಿರಣ ಸೂಸುವ ಅಮೆರಿಸಿಯಂ ಇದೆಯೆಂದು ಅವನು ಹೆದರುತ್ತಾನೆ. ಅಂಥ ಹಲವು ಯಂತ್ರಗಳಲ್ಲಿ ಅದು ಅತ್ಯಲ್ಪ ಪ್ರಮಾಣದಲ್ಲಿ ಇರುವುದು ನಿಜವೇ. ಸೇನೆ ತನ್ನ ಮೇಲೆ ಪ್ರಯೋಗ ನಡೆಸಿ ಮೈಯೊಳಗೆ ಹುಳು ಬಿಟ್ಟಿದೆಯೆನ್ನುತ್ತಾನೆ. ಅದು ಹುಚ್ಚು ಮಾತು. ಆದರೆ ಆ ದೇಶದ ಸರಕಾರ ಅಂಥದನ್ನು ಎಂದೂ ಮಾಡಿಲ್ಲವೆಂದು ಎದೆ ತಟ್ಟಿ ಹೇಳುವಂತಿಲ್ಲ. 1932ರಿಂದ 1972ರವರೆಗೆ ಅಲಬಾಮದ ಟಸ್ಕೀಗಿಯಲ್ಲಿ ನೂರಾರು ಕಪ್ಪು ಜನರ ಸಿಫಿಲಿಸ್ ರೋಗಕ್ಕೆ ಔಷಧ ಕೊಡದೆ, ಅದು ಬಲಿಯುವ ಬಗೆಯನ್ನು ಸರಕಾರಿ ವೈದ್ಯರು ನೋಡುತ್ತ ಕುಳಿತಿದ್ದರು. 1953ರಲ್ಲಿ ಆರಂಭವಾದ 'ಎಂ.ಕೆ. ಅಲ್ಟ್ರಾ' ಯೋಜನೆಯಲ್ಲಿ ಗೂಢಚಾರ ಸಂಸ್ಥೆ ಸಿ.ಐ.ಎ. ಏನೂ ಅರಿಯದ ಜನರಿಗೂ ಮತಿಭ್ರಮಣೆಯ ಮದ್ದು ಕೊಟ್ಟಿತ್ತು. ಹೂಗಳಲ್ಲಿ ಕೆಲವು ನಿಜ, ಕಟ್ಟಿದ ಮಾಲೆ ಸುಳ್ಳು. ಅಧಿಕಾರದಲ್ಲಿರುವವರು ಒಂದು ಸಲ ಮುಚ್ಚಿಟ್ಟರೆ, ಮುಂದೆ ಅವರು ನಿಜ ಹೇಳಿದಾಗಲೂ ಜನ ಕದದ ಸಂದಿಯಲ್ಲಿ ಇಣುಕುತ್ತಾರೆ.

ಕೋಣೆಯ ಗೋಡೆಗಳಿಗೆಲ್ಲ ಬೆಳ್ಳಗಿನ ತಗಡಿನ ಹಾಳೆ ಅಂಟುತ್ತದೆ, ನೊಣ ಹಿಡಿಯುವ ಅಂಟುಪಟ್ಟಿಗಳು ತೂಗುತ್ತವೆ, ಬೆಳಕು ನೀಲಿಯಾಗುತ್ತದೆ. ಪೀಟರನನ್ನು ಹುಡುಕಿಕೊಂಡು ಬಂದ ಡಾಕ್ಟರು ಕೊಲೆಯಾಗುತ್ತಾನೆ. ಅಂತ್ಯದಲ್ಲಿ ಆಗ್ನೆಸ್ ಎಲ್ಲ ಎಳೆಗಳನ್ನೂ ಒಂದುಗೂಡಿಸುತ್ತಾಳೆ: ಮಗನನ್ನು ಕದ್ದವರು ಅವರೇ, ಪೀಟರನನ್ನು ಇಲ್ಲಿಗೆ ಕಳಿಸಿದವರೂ ಅವರೇ, ತಾನೇ ಹುಳುಗಳ ಮಹಾತಾಯಿ. ಆ ದೀರ್ಘ ಮಾತನ್ನು ಹೇಳುವಾಗ ಅವಳ ಮುಖದಲ್ಲಿ ಹೊಳೆಯುವುದು ಭಯವಲ್ಲ, ಆನಂದ. ಮಗು ಕಾಣೆಯಾದದ್ದು ತನ್ನ ಅಜಾಗರೂಕತೆಯಿಂದಲ್ಲ. ಒಂದು ಮಹಾಸಂಚಿನ ಅಂಗವಾಗಿ! ತಾಯಿಯ ತಲೆಯ ಮೇಲಿದ್ದ ಹೊರೆ ಇಳಿಯಿತು. ಆ ನಿಶ್ಚಿಂತೆಗೆ ಅವಳು ಕೊಡುವ ಬೆಲೆ ಪ್ರಾಣ. ಇಬ್ಬರೂ ಕೋಣೆಗೆ ಬೆಂಕಿಯಿಟ್ಟುಕೊಳ್ಳುತ್ತಾರೆ. ಕಾರಣವೇ ಇಲ್ಲದ ದುಃಖಕ್ಕಿಂತ ಘೋರವಾದ ಕಾರಣವಾದರೂ ಹಗುರವೆಂಬ ಈ ಸತ್ಯವನ್ನು ಇಷ್ಟು ನೇರವಾಗಿ ಹೇಳಿದ ಚಿತ್ರ ನಾನು ಬೇರೆ ನೋಡಿಲ್ಲ.

ದೋಷಗಳಿಲ್ಲವೆಂದಲ್ಲ. ಕೊನೆಯ ಭಾಗದಲ್ಲಿ ರಂಗಭೂಮಿಯ ವಾಸನೆ ಬಲವಾಗಿ ಹೊಡೆಯುತ್ತದೆ. ಮಾತು ಕೂಗಾಗಿ ಕಿವಿ ದಣಿಯುತ್ತದೆ. ಮೊಟ್ಟೆಯಿದೆಯೆಂದು ಪೀಟರ್ ತನ್ನ ಹಲ್ಲನ್ನೇ ಕಿತ್ತುಕೊಳ್ಳುವ ದೃಶ್ಯದಲ್ಲಿ ಬೀಭತ್ಸ ಕರುಣವನ್ನು ಮೆಟ್ಟಿ ನಿಲ್ಲುತ್ತದೆ. ಡಾಕ್ಟರ ಪಾತ್ರ ತೆಳುವಾಗಿದೆ. ನಾಟಕದಲ್ಲಿಯೂ ಪೀಟರನ ಪಾತ್ರ ವಹಿಸಿದ್ದ ಮೈಕೇಲ್ ಶಾನನ್ ಇವೆಲ್ಲವನ್ನೂ ತಮ್ಮ ಸಂಯಮದಿಂದ ಬಹುಮಟ್ಟಿಗೆ ಕಾಪಾಡುತ್ತಾರೆ; ಮೊದಲರ್ಧದಲ್ಲಿ ಅವರ ಮೌನವೇ ಒಂದು ಪಾತ್ರ.

ಕಾನ್ ಉತ್ಸವದ ವೇಳೆ ಅಂತರರಾಷ್ಟ್ರೀಯ ವಿಮರ್ಶಕರ ಪ್ರಶಸ್ತಿ ಪಡೆದ ಚಿತ್ರ ಇದು. 2007ರಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಬಂದಾಗ, ಪ್ರೇಕ್ಷಕರ ಅಭಿಪ್ರಾಯ ಕೇಳುವ ಸಿನೆಮಾಸ್ಕೋರ್ ಸಂಸ್ಥೆಯ ಎಣಿಕೆಯಲ್ಲಿ ಕಟ್ಟಕಡೆಯ 'ಎಫ್' ದರ್ಜೆ ಬಂತು. ಭೂತಪ್ರೇತದ ಆಸೆ ತೋರಿಸಿ ಕರೆದು ಮಗು ಕಳೆದುಕೊಂಡ ತಾಯಿಯನ್ನು ತೋರಿಸಿದರೆ ಜನ ಮುನಿಯದಿರುತ್ತಾರೆಯೆ? ಅಪರಾಧ ಪ್ರೇಕ್ಷಕರದಲ್ಲ, ಜಾಹೀರಾತಿನದು.

ಆಗ ಪೀಟರನ ಸಿದ್ಧಾಂತಕ್ಕೆ ಒಂದು ಕೋಣೆ, ಒಬ್ಬ ಕೇಳುಗಳು ಸಾಕಾಗಿದ್ದಳು. ಇಂದು ಅಂಗೈಯ ಫೋನಿನಲ್ಲಿ ಅದು ದೇಶದೇಶ ಸುತ್ತುತ್ತದೆ. ಅದನ್ನೇ ವ್ಯಾಪಾರ ಮಾಡಿಕೊಂಡವರೂ ಇದ್ದಾರೆ. 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು ಗುಂಡಿಗೆ ಬಲಿಯಾದಾಗ, ಇದೆಲ್ಲ ನಾಟಕವೆಂದು ಪ್ರಚಾರ ಮಾಡಿದವರು ಹೆತ್ತವರನ್ನೇ ಪೀಡಿಸಿದರು. ಅಂಥ ಪ್ರಚಾರಕ ಅಲೆಕ್ಸ್ ಜೋನ್ಸ್ ನೂರು ಕೋಟಿ ಡಾಲರಿಗೂ ಮಿಕ್ಕಿ ಪರಿಹಾರ ತೆರಬೇಕೆಂದು 2022ರಲ್ಲಿ ತೀರ್ಪಾಯಿತು. ದುಃಖದಿಂದ ಸಂಚನ್ನು ಕಲ್ಪಿಸಿಕೊಳ್ಳುವವಳು ಬೇರೆ, ಇತರರ ದುಃಖವನ್ನೇ ಸಂಚೆಂದು ಮಾರುವವನು ಬೇರೆ. ಇಬ್ಬರನ್ನೂ ಒಂದೇ ನಗೆಯಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ.

ಚಿತ್ರದಲ್ಲಿ ಗೆಳತಿ ಬುದ್ಧಿ ಹೇಳಲು ಬರುತ್ತಾಳೆ, ಡಾಕ್ಟರು ವಿವರಣೆ ಕೊಡಲು ಬರುತ್ತಾನೆ. ಹುಳುವಿಲ್ಲವೆಂದು ಅವರು ಹೇಳುವುದೆಲ್ಲ ಸರಿ. ಆದರೂ ಆಗ್ನೆಸ್ ಸೋಲುವುದಿಲ್ಲ; ಅವಳು ಮುಷ್ಟಿ ಬಿಗಿದು ಹಿಡಿದುಕೊಂಡದ್ದು ಹುಳುವಿನ ಹೆಸರಿನ ಮಗುವನ್ನು. ಮುಷ್ಟಿ ಬಿಡಿಸುವ ಮುನ್ನ ಒಳಗೇನಿದೆಯೆಂದು ಕೇಳುವವರು ಬೇಕು.